ಗೋಕಾಕದ ಕೂಸು, ಬೆಳಗಾವಿಯ ಕಡತ

2025ರ ಜನವರಿಯಲ್ಲಿ ಹುಕ್ಕೇರಿ ತಾಲೂಕಿನ ಏಳು ವರ್ಷದ ಹುಡುಗನೊಬ್ಬ ನಾಲ್ಕು ಲಕ್ಷ ರೂಪಾಯಿಗೆ ಮಾರಾಟವಾಗಿದ್ದ ಸುದ್ದಿ ಹೊರಬಿತ್ತು. ಆರೋಪ ಬಂದದ್ದು ಮಲತಂದೆಯ ಮೇಲೆ. ದೂರು ಬಂದ ಮೇಲೆ ಹುಕ್ಕೇರಿ ಪೊಲೀಸರು ನಾಲ್ವರನ್ನು ಬಂಧಿಸಿದರು, ಹುಡುಗನನ್ನು ಪತ್ತೆ ಹಚ್ಚಿ ಕರೆತಂದರು. ಅದಕ್ಕೂ ಏಳು ತಿಂಗಳ ಹಿಂದೆ ಬೆಳಗಾವಿಯಲ್ಲಿ ಒಂದು ತಿಂಗಳ ಕೂಸನ್ನು ಮಾರಲು ಹೊರಟವರು ಸಿಕ್ಕಿಬಿದ್ದಿದ್ದರು. ಆ ತನಿಖೆ ಕಿತ್ತೂರಿನವರೆಗೂ ಹೋಯಿತು. ಇನ್ನೂ ಹಿಂದೆ, 2022ರ ಜೂನ್‌ನಲ್ಲಿ, ಮೂಡಲಗಿ ಪಟ್ಟಣದ ಹಳ್ಳದಲ್ಲಿ ಬಾಟಲಿಗಳಲ್ಲಿ ತುಂಬಿಟ್ಟ ಏಳು ಭ್ರೂಣಗಳು ಸಿಕ್ಕಿದ್ದವು. ಮೂರೂ ಬೇರೆ ಬೇರೆ ಪ್ರಕರಣ. ಮೂರರಲ್ಲೂ ಸರ್ಕಾರ ಕಣ್ಣು ಬಿಟ್ಟದ್ದು ಎಲ್ಲ ಮುಗಿದ ಮೇಲೆ.

ಹುಕ್ಕೇರಿಯ ಪ್ರಕರಣದಲ್ಲಿ ಪೊಲೀಸರು ತಮ್ಮ ಕೆಲಸ ಮಾಡಿದರು. ಆದರೆ ಏಳು ವರ್ಷದ ಹುಡುಗ ಎಂದರೆ ಅಂಗನವಾಡಿಯ ವಯಸ್ಸು ದಾಟಿ ಶಾಲೆಯ ಹಾಜರಿ ಪುಸ್ತಕಕ್ಕೆ ಬರಬೇಕಾದವನು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಶಾಲೆಯ ಮಾಸ್ತರು, ಗ್ರಾಮ ಪಂಚಾಯಿತಿಯ ಪಿಡಿಒ, ಇಷ್ಟು ಜನರ ಕಣ್ಣಳತೆಯಲ್ಲಿ ಈ ವಯಸ್ಸಿನ ಪ್ರತಿ ಮಗುವೂ ಇರಬೇಕು. ಮಾರಿದವರು ಯಾರೆಂದು ಪೊಲೀಸರು ಹೇಳಬಲ್ಲರು. ಕಾಯಬೇಕಾಗಿದ್ದವರು ಯಾರೆಂದು ಹೇಳುವ ಕಚೇರಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರು ತಾಲೂಕುಗಳಲ್ಲಿ ಎಲ್ಲಿದೆ ಎಂದು ಹುಡುಕಿದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ.

ಈ ಭಾಗದ ಆಡುಮಾತಿನಲ್ಲಿ ಅಪ್ಪ ಅವ್ವ ಇಲ್ಲದ ಮಗುವಿಗೆ 'ಪರದೇಶಿ ಕೂಸು' ಅನ್ನುತ್ತಾರೆ. ತನ್ನ ಊರಿನಲ್ಲೇ, ತನ್ನ ಓಣಿಯಲ್ಲೇ ಇದ್ದರೂ ಅದು ಪರದೇಶಿ. ಕಾನೂನು ಕೂಡ ಇಂಥ ಮಕ್ಕಳನ್ನು ಕರೆಯುವ ಹೆಸರನ್ನು ನೂರು ವರ್ಷದಿಂದ ಬದಲಾಯಿಸುತ್ತ ಬಂದಿದೆ. ಗೋಕಾಕ, ಹುಕ್ಕೇರಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1924ರಲ್ಲಿ, ಅಲ್ಲಿ ಮಕ್ಕಳ ಕಾಯ್ದೆ ಬಂತು. ಏಕೀಕರಣದ ನಂತರ ನಮ್ಮ ರಾಜ್ಯಕ್ಕೆ 1964ರ ಮಕ್ಕಳ ಕಾಯ್ದೆ ಬಂತು. ಇಡೀ ದೇಶಕ್ಕೆಂದು 1986ರಲ್ಲಿ ಬಂದ ಬಾಲ ನ್ಯಾಯ ಕಾಯ್ದೆ ಈ ಮಕ್ಕಳನ್ನು 'ಉಪೇಕ್ಷಿತ ಬಾಲರು' ಎಂದು ಕರೆಯಿತು. ಭಿಕ್ಷೆ ಬೇಡುವವರು, ಮನೆಯಿಲ್ಲದವರು, ತಂದೆತಾಯಿ ಇದ್ದೂ ನೋಡಿಕೊಳ್ಳಲಾಗದವರು ಎಲ್ಲರೂ ಆ ಹೆಸರಿನಡಿ ಬಂದರು. ಉಪೇಕ್ಷೆ ಮಾಡಿದವರು ಮನೆಯವರು, ಎತ್ತಿಕೊಳ್ಳುವುದು ಸರ್ಕಾರ, ಎಂಬುದು ಆ ಹೆಸರಿನೊಳಗೇ ಇದ್ದ ತೀರ್ಮಾನ.

2000ದ ಕಾಯ್ದೆ ಆ ಮಾತನ್ನು ಕೈಬಿಟ್ಟು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು' ಎಂದಿತು. 2016ರ ಜನವರಿಯಿಂದ ಜಾರಿಯಲ್ಲಿರುವ 2015ರ ಕಾಯ್ದೆಯೂ ಇದೇ ಹೆಸರನ್ನು ಉಳಿಸಿಕೊಂಡಿದೆ. ಮೇಲುನೋಟಕ್ಕೆ ಇದು ಬರೀ ಮಾತಿನ ಬದಲಾವಣೆ. ಒಳಗೆ ನೋಡಿದರೆ ಹೊಣೆಯ ದಿಕ್ಕೇ ಬದಲಾಗಿದೆ. ಅಗತ್ಯ ಮಗುವಿನದು ಎಂದ ಮೇಲೆ ಅದನ್ನು ಪೂರೈಸುವವರು ಯಾರಾದರೂ ಇರಲೇಬೇಕು, ಪೂರೈಸದಿದ್ದರೆ ಅವರೇ ಉತ್ತರ ಹೇಳಬೇಕು. ಈ ಕಾಯ್ದೆಯ ಪಟ್ಟಿಯಲ್ಲಿ ದುಡಿಯುವ ಮಗು, ಕಾಣೆಯಾದ ಮಗು, ಓಡಿಬಂದ ಮಗು ಇದ್ದಾರೆ. ಬಾಲ್ಯವಿವಾಹದ ಅಂಚಿನಲ್ಲಿರುವ ಹುಡುಗಿ ಇದ್ದಾಳೆ. ನೈಸರ್ಗಿಕ ವಿಕೋಪಕ್ಕೆ ಸಿಕ್ಕ ಮಗುವೂ ಇದೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ದಂಡೆಯ ಈ ಮೂರು ತಾಲೂಕುಗಳಿಗೆ ಕೊನೆಯ ಮಾತು ಎಷ್ಟು ಹತ್ತಿರದ್ದೆಂದು ಮುಂದೆ ನೋಡೋಣ.

ಮೊದಲು ಒಂದು ಮಗುವಿನ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ಗೋಕಾಕ ತಾಲೂಕಿನ ಘಟಪ್ರಭಾ ರೈಲು ನಿಲ್ದಾಣ ಮೀರಜ್ ಮತ್ತು ಲೋಂಡಾ ನಡುವಿನ ಮಾರ್ಗದಲ್ಲಿದೆ. ರಾತ್ರಿ ಒಂಬತ್ತಕ್ಕೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಒಬ್ಬಳೇ ಕೂತಿದ್ದಾಳೆ ಎಂದುಕೊಳ್ಳೋಣ. ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚಹಾ ಮಾರುವವನು ನೋಡಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾನೆ. ಕಾಯ್ದೆ ಅವನಿಗೆ ಹೇರಿದ ಕರ್ತವ್ಯ ಇದು. ದಿಕ್ಕಿಲ್ಲದ ಮಗು ಕಂಡ ಯಾರೇ ಆಗಲಿ, ಸಾಮಾನ್ಯ ನಾಗರಿಕನಿರಲಿ, ಪೊಲೀಸರಿರಲಿ, ಆಸ್ಪತ್ರೆಯವರಿರಲಿ, 24 ಗಂಟೆಯೊಳಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ.

ಫೋನ್ ಹೋದ ಮೇಲೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಬರಬೇಕು. ಪ್ರತಿ ಠಾಣೆಯಲ್ಲೂ ಇಂಥ ಒಬ್ಬ ಅಧಿಕಾರಿ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಹುಡುಗಿಯನ್ನು ಆಸ್ಪತ್ರೆಗೆ ತೋರಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಸಮಿತಿ ಇರುವುದು ಬೆಳಗಾವಿಯಲ್ಲಿ. ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ, ಇಷ್ಟು ಜನರ ಪೀಠಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರ ಇದೆ. ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ಹದಿನೈದು ದಿನದೊಳಗೆ ಹುಡುಗಿಯ ಮನೆ, ಕುಟುಂಬ, ಊರಿನ ಸ್ಥಿತಿಗತಿ ನೋಡಿ ಬಂದವರ ವರದಿ ಸಮಿತಿಯ ಕೈಸೇರಬೇಕು. ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು.

ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. ಬರೆದವರಿಗೆ ಮಕ್ಕಳ ಮೇಲೆ ಕಾಳಜಿ ಇತ್ತೆಂಬುದು ಪ್ರತಿ ಕಲಮಿನಲ್ಲೂ ಕಾಣುತ್ತದೆ. ಆದರೆ ಹುಡುಗಿಯ ಅವ್ವ ಮೂಡಲಗಿ ಕಡೆಯ ಹಳ್ಳಿಯವಳು ಎಂದುಕೊಳ್ಳಿ. ಮಗಳನ್ನು ನೋಡಲು ಅವಳು ಬೆಳಗಾವಿಗೆ ಎರಡು ಬಸ್ ಬದಲಿಸಿ ಹೋಗಬೇಕು. ಹೋಗಿ ಬರುವುದರಲ್ಲಿ ಒಂದು ದಿನದ ಪಗಾರ ಹೋಯಿತು. ಆಧಾರ್ ತಂದಿಲ್ಲ, ರೇಶನ್ ಕಾರ್ಡಿನಲ್ಲಿ ಹೆಸರಿಲ್ಲ ಎಂದರೆ ಮತ್ತೊಂದು ದಿನ. ಹುಡುಗಿ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯವಳಾಗಿದ್ದರೆ ಕಡತ ಮಹಾರಾಷ್ಟ್ರದ ಇನ್ನೊಂದು ಸಮಿತಿಗೆ ಹೋಗಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜ ಕೂಗಳತೆ ಎನ್ನುವಷ್ಟು ಹತ್ತಿರ. ಸಂತೆಗೆ, ಮದುವೆಗೆ, ಕೂಲಿಗೆ ಜನ ಆಚೆ ಈಚೆ ದಿನವೂ ಓಡಾಡುತ್ತಾರೆ. ಕಡತ ಮಾತ್ರ ಹಾಗೆ ಓಡಾಡುವುದಿಲ್ಲ.

2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.79 ಲಕ್ಷ. ಇಂಥ ಜಿಲ್ಲೆಗೆ ಒಂದೇ ಸಮಿತಿ ಸಾಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಪ್ರತಿ ಜಿಲ್ಲೆಗೆ 'ಒಂದು ಅಥವಾ ಹೆಚ್ಚು' ಸಮಿತಿ ಎಂಬುದು ಅದರ ಮಾತು. ಗೋಕಾಕದಲ್ಲೋ ಚಿಕ್ಕೋಡಿಯಲ್ಲೋ ಇನ್ನೊಂದು ಸಮಿತಿ ಕೂರಿಸಲು ಹೊಸ ಶಾಸನ ಬೇಕಿಲ್ಲ, ಸರ್ಕಾರದ ಒಂದು ಅಧಿಸೂಚನೆ ಸಾಕು. ಆಡಳಿತಕ್ಕೆ ಅನುಕೂಲ ಎಂದು ಮೂಡಲಗಿಯನ್ನು ಗೋಕಾಕದಿಂದ ಬಿಡಿಸಿ ಹೊಸ ತಾಲೂಕು ಮಾಡಲಾಯಿತು. ಹೊಸ ತಾಲೂಕಿಗೆ ತಹಶೀಲ್ದಾರರು ಬಂದರು. ಅದೇ ಅನುಕೂಲ ಮಕ್ಕಳಿಗೆ ಯಾಕಿಲ್ಲ?

ಈಗ ಹೊಣೆ ಹೇಗೆ ಹಂಚಿಹೋಗಿದೆ ನೋಡಿ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಸಿಡಿಪಿಒ ಅದರ ತಾಲೂಕು ಮುಖ್ಯಸ್ಥರು. ಶಾಲೆ ಬಿಇಒ ಕೈಯಲ್ಲಿದೆ. ಆದರೆ ಈ ಮೂರೂ ತಾಲೂಕುಗಳ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿ ಬೆಳಗಾವಿಯಲ್ಲಿಲ್ಲ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಬಳಿ ಇದೆ. ಪೊಲೀಸರು ಬೆಳಗಾವಿಯ ಎಸ್‌ಪಿ ಕೆಳಗೆ. ದುಡಿಯುವ ಮಗುವನ್ನು ಬಿಡಿಸುವವರು ಕಾರ್ಮಿಕ ನಿರೀಕ್ಷಕರು. ಹಾಸ್ಟೆಲ್ ಸಮಾಜ ಕಲ್ಯಾಣ ಇಲಾಖೆಯದು. ಆರೋಗ್ಯಕ್ಕೆ ತಾಲೂಕು ಆರೋಗ್ಯಾಧಿಕಾರಿ, ಪ್ರಮಾಣಪತ್ರಕ್ಕೆ ಕಂದಾಯ ಇಲಾಖೆ, ಊರಿನೊಳಗಿನದಕ್ಕೆ ಗ್ರಾಮ ಪಂಚಾಯಿತಿ. ಮಗು ಒಂದು, ಇಲಾಖೆ ಎಂಟು. ಶಾಲೆ ಬಿಟ್ಟ ಮಗು ಶಿಕ್ಷಣ ಇಲಾಖೆಗೆ ಒಂದು ಅಂಕಿ, ಹೋಟೆಲಿನಲ್ಲಿ ಲೋಟ ತೊಳೆಯುವ ಅದೇ ಮಗು ಕಾರ್ಮಿಕ ಇಲಾಖೆಗೆ ಇನ್ನೊಂದು ಅಂಕಿ, ಮದುವೆಯ ಹಿಂದಿನ ದಿನ ಸಿಕ್ಕರೆ ಸಿಡಿಪಿಒಗೆ ಮತ್ತೊಂದು. ಈ ಮೂರೂ ಒಂದೇ ಮಗು ಎಂದು ತಿಳಿಯುವ ಪುಸ್ತಕ ಯಾರ ಬಳಿಯೂ ಇಲ್ಲದಿದ್ದರೆ ಯಾರನ್ನು ಕೇಳುವುದು?

ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕ ಈ ತೊಡಕನ್ನು ಬಿಡಿಸಲು ಹೊರಟಿತ್ತು, ಆ ಶ್ರಮವನ್ನು ಮೆಚ್ಚಬೇಕು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2016ರಲ್ಲಿ ರಾಜ್ಯ ತಂದ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು. ತಹಶೀಲ್ದಾರ್, ಸಿಡಿಪಿಒ, ಪಿಡಿಒ ಹೀಗೆ ಹಲವರನ್ನು ತಡೆ ಅಧಿಕಾರಿಗಳೆಂದು ಹೆಸರಿಸಲಾಯಿತು. ಆದರೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹತ್ತು ಮಂದಿಯನ್ನು ಹೊಣೆಗಾರರೆಂದು ಹೆಸರಿಸಿದಾಗ, ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಹತ್ತೂ ಮಂದಿಯಲ್ಲಿ ಬೆಳೆಯುತ್ತದೆ.

ಇಷ್ಟೆಲ್ಲ ಆದರೂ ಇವರು ಹೇಗೋ ಒಂದು ಕಚೇರಿಯ ಕಣ್ಣಿಗೆ ಬಿದ್ದ ಮಕ್ಕಳು. ಯಾರ ಕಣ್ಣಿಗೂ ಬೀಳದವರು ಕಬ್ಬಿನ ಗದ್ದೆಯಲ್ಲಿದ್ದಾರೆ.

ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಘಟಪ್ರಭಾ ಭಾಗದ ಕಾರ್ಖಾನೆಗಳವರೆಗೆ ಎಲ್ಲ ಕಡೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯವರು, ವಿಜಯಪುರ ಕಡೆಯವರು. ಕೂಲಿಗಳನ್ನು ಕರೆತರುವ ಮುಕಾದಮನಿಂದ ಮುಂಗಡ ಹಣ ಪಡೆದು ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ, ಮಕ್ಕಳೂ ಜೊತೆಗೆ. ಬಯಲಿನಲ್ಲಿ ಕಬ್ಬಿನ ರವದಿ, ತಾಡಪತ್ರಿ ಹೊದಿಸಿದ ಗುಡಿಸಲುಗಳ ಸಾಲು. ಬೆಳಗಿನ ಜಾವ ಕತ್ತಲಿರುವಾಗಲೇ ಅಪ್ಪ ಅವ್ವ ಕುಡುಗೋಲು ಹಿಡಿದು ಹೊರಟರೆ ಎಂಟು ವರ್ಷದ ಅಕ್ಕ ಒಂದೂವರೆ ವರ್ಷದ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಉಳಿಯುತ್ತಾಳೆ. ರಾತ್ರಿಯ ತಂಗಳ ರೊಟ್ಟಿ ಇಬ್ಬರಿಗೂ ಬೆಳಗಿನ ಊಟ. ಮುಂದೆ ಐದು ತಿಂಗಳು ಆ ಹುಡುಗಿಯ ಶಾಲೆ ಎಂದರೆ ಆ ಸೊಂಟ, ಆ ಗುಡಿಸಲು.

ಅವಳ ಹೆಸರು ಊರಿನ ಶಾಲೆಯ ಹಾಜರಿಯಲ್ಲಿದೆ, ಅವಳು ಇಲ್ಲಿದ್ದಾಳೆ. ಹಾಗಾದರೆ ಅವಳು ಯಾರ ಮಗು? 2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಅದರ 9ನೆಯ ಕಲಮು ಹೇಳುತ್ತದೆ. ಅಂದರೆ ಗುಡಿಸಲು ಬಿದ್ದಿರುವ ಊರಿನ ಪಂಚಾಯಿತಿಯೇ ಹೊಣೆ. ರಾಜ್ಯ 2023ರಲ್ಲಿ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಹೊರಟಿತು. ಹೆಸರು ಚೆಂದ, ಉದ್ದೇಶವೂ ಚೆಂದ. ಅದು ಉದ್ಯೋಗ ಖಾತ್ರಿಯ ತಾಯಂದಿರನ್ನು ಮನಸ್ಸಿನಲ್ಲಿಟ್ಟು ಆರಂಭವಾದದ್ದು. ಕಬ್ಬಿನ ಹಂಗಾಮಿನ ಐದು ತಿಂಗಳು ಅದೇ ಬಾಗಿಲು ಗ್ಯಾಂಗಿನ ಕೂಸುಗಳಿಗೂ ತೆರೆದರೆ ಎಂಟು ವರ್ಷದ ಆ ಅಕ್ಕ ಶಾಲೆಯ ಮೆಟ್ಟಿಲು ಹತ್ತಿಯಾಳು. ಕಾರ್ಖಾನೆಗಳಿಗೂ ಇದರಲ್ಲಿ ಪಾಲಿದೆ. ಎಷ್ಟು ಟನ್ ಕಬ್ಬು ಬಂತೆಂಬ ಲೆಕ್ಕ ಕಾಟಾದ ಚೀಟಿಯಲ್ಲಿ ದಿನವೂ ಸಿಗುವಾಗ, ಎಷ್ಟು ಮಕ್ಕಳು ಬಂದರೆಂಬ ಲೆಕ್ಕ ಕೇಳುವುದು ದೊಡ್ಡ ಮಾತಲ್ಲ.

ನದಿಯ ಮಾತಿಗೆ ಬರೋಣ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. 2024ರ ಜುಲೈನಲ್ಲಿ ಮತ್ತೆ ಅದೇ ಸೇತುವೆಯ ಮೇಲೆ ನೀರು. ಗಂಜಿ ಕೇಂದ್ರಗಳಾದದ್ದು ಹೆಚ್ಚಾಗಿ ಶಾಲೆಗಳೇ. ಬಿದ್ದ ಮನೆಗೆ ಎ, ಬಿ, ಸಿ ಎಂದು ವರ್ಗ ಮಾಡಿ ಪರಿಹಾರ ನಿಗದಿಯಾಯಿತು. ಸತ್ತ ದನಕ್ಕೆ, ಕೊಳೆತ ಬೆಳೆಗೆ ಲೆಕ್ಕ ಬರೆಯಲಾಯಿತು. ಅದೆಲ್ಲ ಬೇಕಾದದ್ದೇ. ಆದರೆ ಕಾಯ್ದೆಯ ಪ್ರಕಾರ ನೆರೆಗೆ ಸಿಕ್ಕ ಮಗು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು'. ಪುಸ್ತಕ, ದಾಖಲೆ, ಮನೆ ಕಳೆದುಕೊಂಡು ಅಜ್ಜಿಯ ಊರಿಗೋ ಗೋವಾದ ಕೆಲಸಕ್ಕೋ ಹೋದ ಮಕ್ಕಳ ಪಟ್ಟಿಯೂ ಆ ಲೆಕ್ಕದ ಪಕ್ಕದಲ್ಲಿ ಇರಬೇಕಾಗಿತ್ತು.

ಕಬ್ಬಿನ ಗದ್ದೆಯ, ನೆರೆಯ ಮಕ್ಕಳಂತೆಯೇ ಕಣ್ಣಿಗೆ ಬೀಳದ ಮೂರನೆಯ ಗುಂಪಿನ ಮಕ್ಕಳ ಬಗ್ಗೆ ಈ ನೆಲ ತುಂಬ ಹಿಂದಿನಿಂದ ಬಲ್ಲದು. ಸವದತ್ತಿಯ ಯಲ್ಲಮ್ಮನ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿ ಈ ತಾಲೂಕುಗಳಲ್ಲಿ ತಲೆಮಾರುಗಳಿಂದ ಇತ್ತು. 1982ರ ಕಾಯ್ದೆ ಅದನ್ನು ನಿಷೇಧಿಸಿತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಎಣಿಸಿದ್ದು ತಾಯಂದಿರನ್ನು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ ತಲೆ ತಗ್ಗಿಸಿದವರು. ಒಂದು ಖಾಲಿ ಗೆರೆ ಮಗುವನ್ನು ಶಾಲೆ ಬಿಡಿಸಬಲ್ಲದು ಎಂಬುದು ಕಚೇರಿಯಲ್ಲಿ ಕೂತು ಅರ್ಜಿ ಮುದ್ರಿಸಿದವರಿಗೆ ಹೊಳೆದಿರಲಿಲ್ಲ. ಲೈಂಗಿಕ ವೃತ್ತಿಯಲ್ಲಿರುವ ತಾಯಂದಿರ ಮಕ್ಕಳ ಹೊಣೆ ಸರ್ಕಾರದ್ದು ಎಂದು ಗೌರವ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ. ಆ ಮಕ್ಕಳ ಹಕ್ಕುಗಳನ್ನು ಒಳಗೊಂಡ ಹೊಸ ದೇವದಾಸಿ ಮಸೂದೆಯನ್ನು ನಮ್ಮ ವಿಧಾನಮಂಡಲ ಅಂಗೀಕರಿಸಿದ್ದು 2025ರಲ್ಲಿ. ನಡುವೆ 28 ವರ್ಷ. ಅಂದು ಹುಟ್ಟಿದ ಕೂಸು ಇಂದು ತಾನೇ ತಾಯಿಯಾಗಿರುವ ವಯಸ್ಸು.

ಆ 28 ವರ್ಷದಲ್ಲಿ ಸರ್ಕಾರಕ್ಕಿಂತ ಮೊದಲು ಎದ್ದು ನಿಂತವರು ಆ ತಾಯಂದಿರೇ. ಘಟಪ್ರಭಾದಲ್ಲಿ ನೆಲೆನಿಂತ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ 'ಮಾಸ್' ಎಂದು ಕರೆಯುವ ಸಂಘಟನೆ, ಮಾಜಿ ದೇವದಾಸಿಯರೇ ನಡೆಸಿದ್ದು. ಮುತ್ತು ಕಟ್ಟಿಸಿಕೊಂಡಾಗ ತಾನೇ ಏಳು ವರ್ಷದ ಮಗುವಾಗಿದ್ದ, ಕಬ್ಬೂರಿನ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಏಳು ವರ್ಷದ ಆ ಹುಡುಗಿಯನ್ನು ಅಂದು ಕಾಯದ ವ್ಯವಸ್ಥೆ ಮುಂದೆ ಅವರನ್ನು ಗೌರವಿಸಿತು. ಗೌರವ ಸರಿಯಾದದ್ದೇ, ಆದರೆ ಅದರಿಂದ ಹಳೆಯ ಬಾಕಿ ತೀರುವುದಿಲ್ಲ.

ಹಣದ ಮಾತು ಚಿಕ್ಕದು. ಕೇಂದ್ರ ಮತ್ತು ರಾಜ್ಯ 60:40ರ ಲೆಕ್ಕದಲ್ಲಿ ನಡೆಸುವ ಮಿಷನ್ ವಾತ್ಸಲ್ಯದಡಿ, ಮಗುವನ್ನು ಬಾಲಮಂದಿರಕ್ಕೆ ಕಳಿಸದೆ ಮನೆಯಲ್ಲೇ ಸಾಕಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವು ಸಿಗುತ್ತದೆ. ವಿಧವೆ ತಾಯಿಯ ಮಗು, ಅಜ್ಜಿಯ ಮನೆಯಲ್ಲಿರುವ ತಬ್ಬಲಿ, ಹಾಸಿಗೆ ಹಿಡಿದ ತಂದೆಯ ಮಗು ಇದಕ್ಕೆ ಅರ್ಹರು. ಹಳ್ಳಿಯಲ್ಲಾದರೆ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು. ಕೋವಿಡ್‌ನಲ್ಲಿ ತಂದೆತಾಯಿ ಕಳೆದುಕೊಂಡವರಿಗೆ ರಾಜ್ಯ 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಒಂದು ಸೋಂಕು ಇಡೀ ದೇಶದ ಮನಸ್ಸು ಕಲಕಿದಾಗ ಯೋಜನೆ ವಾರಗಳಲ್ಲೇ ಸಿದ್ಧವಾಯಿತು. ಕುಡಿತದಿಂದ, ಕ್ಷಯದಿಂದ, ರಸ್ತೆ ಅಪಘಾತದಿಂದ ಅಪ್ಪನನ್ನು ಕಳೆದುಕೊಂಡ ಮಗುವಿನ ತಬ್ಬಲಿತನ ಅದಕ್ಕಿಂತ ಕಡಿಮೆಯದಲ್ಲ. ನೆರವು ಅವರಿಗೂ ಇದೆ, ಅರ್ಜಿ ಅವರ ಮನೆಗೆ ಹೋಗಬೇಕಷ್ಟೆ. ಆ ಮನೆ ಯಾವುದೆಂದು ಅಂಗನವಾಡಿ ಟೀಚರಿಗೆ ಬಾಯಿಪಾಠ ಇರುತ್ತದೆ.

ಇನ್ನು ಕೋರ್ಟುಗಳು. ಸರ್ಕಾರ ಮಗುವನ್ನು ಕಾಯದಿದ್ದರೆ ಅದನ್ನೇ ಹೊಣೆ ಮಾಡಬಹುದೇ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಎರಡು ಉತ್ತರಗಳಿವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಾಲ್ಕು ವರ್ಷದ ಜೋಶುವಾ ಡಿಶೇನಿ ಎಂಬ ಹುಡುಗನನ್ನು ಅಪ್ಪನೇ ಹೊಡೆದು ಮೆದುಳಿಗೆ ಶಾಶ್ವತ ಹಾನಿ ಮಾಡಿದ. ಅಪ್ಪನ ಹೊಡೆತದ ಸುದ್ದಿ ಸ್ಥಳೀಯ ಮಕ್ಕಳ ಇಲಾಖೆಗೆ ಮೊದಲೇ ಹಲವು ಸಲ ತಲುಪಿತ್ತು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಖಾಸಗಿ ವ್ಯಕ್ತಿಯ ಹಿಂಸೆಯಿಂದ ಕಾಯದೇ ಹೋದದ್ದಕ್ಕೆ ಸಂವಿಧಾನದ ಪ್ರಕಾರ ಸರ್ಕಾರ ಹೊಣೆಯಲ್ಲ ಎಂದಿತು. ಇಂಗ್ಲೆಂಡಿನಲ್ಲಿ ನಾಲ್ವರು ಒಡಹುಟ್ಟಿದವರು ಹೊಲಸು, ಹಸಿವಿನಲ್ಲಿ ಬೆಳೆಯುತ್ತಿರುವುದು ಗೊತ್ತಿದ್ದೂ ಅಧಿಕಾರಿಗಳು ನಾಲ್ಕೂವರೆ ವರ್ಷ ಕಳೆದರು. 2001ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ಸರ್ಕಾರದ ತಪ್ಪೆಂದು ಸಾರಿ ಪರಿಹಾರ ಕೊಡಿಸಿತು.

ನಮ್ಮ ದೇಶ ಈ ಎರಡನೆಯ ದಾರಿಯ ಕಡೆಗಿದೆ. ಮೂಲಭೂತ ಹಕ್ಕು ಮುರಿದಾಗ ಸರ್ಕಾರವೇ ಪರಿಹಾರ ಕೊಡಬೇಕೆಂಬ ತತ್ವವನ್ನು 1993ರ ನೀಲಾಬತಿ ಬೆಹೆರಾ ಪ್ರಕರಣ ಗಟ್ಟಿ ಮಾಡಿತು. 2013ರ ಮೇ ತಿಂಗಳಲ್ಲಿ ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಶಾಲೆ ಹೊರಗಿನ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಸಂಪೂರ್ಣಾ ಬೆಹುರಾ ಎಂಬವರು ಬಾಲ ನ್ಯಾಯ ಕಾಯ್ದೆ ಜಾರಿಯಾಗಿಲ್ಲವೆಂದು 2005ರಲ್ಲಿ ಹಾಕಿದ ಅರ್ಜಿಗೆ 2018ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಸಮಿತಿಗಳ ಖಾಲಿ ಸ್ಥಾನ ತುಂಬಿ, ಬಾಲಮಂದಿರಗಳ ಸಾಮಾಜಿಕ ಪರಿಶೋಧನೆ ಮಾಡಿಸಿ ಎಂದು ಅದು ಆದೇಶಿಸಿತು. ಸಾಮಾಜಿಕ ಪರಿಶೋಧನೆ ಏನು ಮಾಡಬಲ್ಲದೆಂಬುದಕ್ಕೆ ಅದೇ ವರ್ಷ ಬಿಹಾರದ ಮುಜಫ್ಫರ್‌ಪುರ ಸಾಕ್ಷಿ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಒಳಗೆ ಹೋಗಿ ಹುಡುಗಿಯರನ್ನು ಮಾತಾಡಿಸಿದ್ದರಿಂದಲೇ ಅಲ್ಲಿನ ವಸತಿಗೃಹದ ಅತ್ಯಾಚಾರಗಳು ಹೊರಬಂದವು. 2020ರ ಜನವರಿಯಲ್ಲಿ 19 ಮಂದಿ ತಪ್ಪಿತಸ್ಥರೆಂದು ಸಾಬೀತಾಯಿತು. ಅಧಿಕಾರಿಗಳ ಮಾಮೂಲಿ ತಪಾಸಣೆ ಕಾಣದ್ದನ್ನು ಹೊರಗಿನವರ ಕಣ್ಣು ಕಂಡಿತ್ತು.

ತೀರ್ಪುಗಳು ದಿಲ್ಲಿಯಲ್ಲಿ ಬರುತ್ತವೆ, ಮಗು ಮೂಡಲಗಿಯಲ್ಲಿ ಇರುತ್ತದೆ. ಆದ್ದರಿಂದ ಹೊಣೆಗಾರಿಕೆ ತಾಲೂಕಿಗೆ ಇಳಿಯದ ಹೊರತು ಪ್ರಯೋಜನವಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಮಾದರಿ ಇದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ನಿಗದಿತ ದಿನದೊಳಗೆ ಸಿಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು, ಆದರೆ ತಡ ಮಾಡಿದ ಅಧಿಕಾರಿ ಯಾರೆಂದು ದಾಖಲಾಗುತ್ತದೆ. ಬಾಲ ನ್ಯಾಯ ಕಾಯ್ದೆಯಲ್ಲಿ 24 ಗಂಟೆ, 15 ದಿನ, ನಾಲ್ಕು ತಿಂಗಳು ಎಂಬ ಗಡುವುಗಳಿವೆ. ಮೂರು ತಿಂಗಳು ಸತತ ಗೈರಾದ ಸಮಿತಿ ಸದಸ್ಯನನ್ನು ತೆಗೆದುಹಾಕುವ ಕಲಮು ಇದೆ. ಸುದ್ದಿ ಮುಟ್ಟಿಸದ ಚಹಾದಂಗಡಿಯವನಿಗೆ ಜೈಲಿದೆ. ಸ್ಥಾನ ಖಾಲಿ ಬಿಟ್ಟ ಸರ್ಕಾರಕ್ಕೆ, ಹದಿನೈದು ದಿನದ ವರದಿಯನ್ನು ಮೂರು ತಿಂಗಳಿಗೆ ತಂದ ಇಲಾಖೆಗೆ ಸಕಾಲದಂಥ ಒಂದು ರೂಪಾಯಿ ದಂಡವೂ ಇಲ್ಲ. ಈ ಕೊರತೆಯನ್ನು ತುಂಬಲೇಬೇಕು.

ತುಂಬುವವರೆಗೂ ಕೈಯಲ್ಲಿರುವ ದಾರಿಗಳನ್ನು ಬಿಡಬೇಕಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಕೆಲಸದ ಬಗ್ಗೆ ದೂರು ಕೇಳುವ ಅಧಿಕಾರಿ ಜಿಲ್ಲಾಧಿಕಾರಿ. ಮಗು, ಇಲ್ಲವೇ ಮಗುವಿಗೆ ಸಂಬಂಧಪಟ್ಟ ಯಾರೇ ಆಗಲಿ ಅವರಿಗೆ ಬರೆಯಬಹುದು. ಮೂರು ತಿಂಗಳಿಗೊಮ್ಮೆ ಸಮಿತಿಯ ಕೆಲಸವನ್ನು ಪರಿಶೀಲಿಸುವುದೂ ಜಿಲ್ಲಾಧಿಕಾರಿಯ ಕರ್ತವ್ಯ. ಸಮಿತಿಯ ಆದೇಶದಿಂದ ಅನ್ಯಾಯವಾದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ವಕೀಲರ ಫೀ ಕೊಡಲಾಗದೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಪ್ರತಿ ಮಗುವಿಗೂ, ಆದಾಯ ಎಷ್ಟೇ ಇರಲಿ, ಉಚಿತ ನೆರವಿನ ಹಕ್ಕಿದೆ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು.

ಎಲ್ಲಕ್ಕಿಂತ ಹತ್ತಿರದ್ದು ಮಕ್ಕಳ ಗ್ರಾಮ ಸಭೆ. ದುಡಿಯುವ ಮಕ್ಕಳೇ 1995ರ ಸುಮಾರಿಗೆ ಕುಂದಾಪುರ ತಾಲೂಕಿನಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿದರು. ಆ ಅನುಭವ ಬೆಳೆದು 2006ರಲ್ಲಿ ಸರ್ಕಾರ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆಲ್ಲ ಮಕ್ಕಳ ಗ್ರಾಮ ಸಭೆ ನಡೆಸಲು ಹೇಳಿತು. ಅಲ್ಲಿ ಮಗು ಎದ್ದು ನಿಂತು, ನಮ್ಮ ಓಣಿಯ ಗೆಳತಿ ಒಂದು ತಿಂಗಳಿಂದ ಶಾಲೆಗೆ ಬಂದಿಲ್ಲ ಎಂದರೆ ಅದು ನಡಾವಳಿ ಪುಸ್ತಕದಲ್ಲಿ ಬರೆಯಲೇಬೇಕಾದ ಮಾತು. ಹಾರ, ಬಿಸ್ಕಿಟು, ಭಾಷಣದಲ್ಲಿ ಸಭೆ ಮುಗಿಸುವ ಪಂಚಾಯಿತಿಗಳಿವೆ. ಮುಗಿಸಲು ಬಿಡಬಾರದು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಓದುಗರಲ್ಲಿ ಒಂದು ವಿನಂತಿ. ಈ ಸಲ ನವೆಂಬರಿನಲ್ಲಿ ನಿಮ್ಮ ಊರಿನ ಮಕ್ಕಳ ಗ್ರಾಮ ಸಭೆಗೆ ಹೋಗಿ. ಹಿಂದಿನ ಸಭೆಯ ನಡಾವಳಿ ಪುಸ್ತಕ ತರಿಸಿ, ಅದರಲ್ಲಿ ಮಕ್ಕಳು ಹೇಳಿದ ಪ್ರತಿ ಮಾತಿನ ಮುಂದೆ ಏನು ಕ್ರಮವಾಯಿತೆಂದು ಪಿಡಿಒ ಅವರಿಂದ ಓದಿಸಿ. ನಿಮ್ಮ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು, ಸಿಡಿಪಿಒ ಅವರ ಹೆಸರು, 1098 ಸಂಖ್ಯೆ ಮೂರನ್ನೂ ಶಾಲೆಯ ಗೋಡೆಗೆ ಬರೆಸಿ. ಕಬ್ಬಿನ ಗ್ಯಾಂಗಿನ ಗುಡಿಸಲು ನಿಮ್ಮ ಹೊಲದ ಬದಿಗಿದ್ದರೆ ಆ ಮಕ್ಕಳ ಹೆಸರನ್ನೂ ಆ ಸಭೆಯಲ್ಲಿ ಹೇಳಿ.